ಹಳೆ ಆಂಪ್ಲಿಫೈಯರ್ ಪ್ರತಿಷ್ಠಾವಿಧಿ

ಯಾವ ಶಾಸ್ತ್ರಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧ ಚತುಷ್ಟಯ ಇರಬೇಕೆಂದು ಹಿರಿಯರ ಕಟ್ಟಳೆ. ಇಲ್ಲಿ ಅಧಿಕಾರಿ ಯಾರೆಂದರೆ, ಮುಂಬಯಿ ಹೋಟೆಲಿನ ಗಲ್ಲಾದಲ್ಲಿ ಪ್ರಾಯ ಕಳೆದು ಬೈಂದೂರಿನ ಹಂಚಿನ ಮನೆಗೆ ಮರಳಿದವನು. ವಿಷಯ, ಹಳೆಯ ಸಾನ್ಸುಯಿ ಆಂಪ್ಲಿಫೈಯರ್. ಸಂಬಂಧ, ಯಕ್ಷಗಾನದ ಭಾಗವತ ಗುಂಡ್ಮಿ ಕಾಳಿಂಗ ನಾವಡರ ಕ್ಯಾಸೆಟ್ಟು. 1990ರಲ್ಲಿ ಅವರು ತೀರಿಕೊಂಡ ಮೇಲೆ ಆ ಕಂಠ ಸಿಗುವುದು ಧ್ವನಿಮುದ್ರಣದಲ್ಲಷ್ಟೇ. ಪ್ರಯೋಜನದ ಬಗ್ಗೆ ಮನೆಯವರಲ್ಲಿ ಭಿನ್ನಮತವಿದೆ. ಗ್ರಂಥ ಬೆಳೆದೀತೆಂಬ ಭಯದಿಂದ ಬಿಟ್ಟಿದೆ.

ಇನ್ನು ಕ್ರಯಪ್ರಕರಣ. ಮಾರುವವನ ಮಾತು ಶಬ್ದಪ್ರಮಾಣವಲ್ಲ. ಕುಂದಾಪುರದಿಂದ ಬ್ರಹ್ಮಾವರದವರೆಗೆ ಆ ಮಹಾವಾಕ್ಯ ಒಂದೇ: "ಲಾಯ್ಕ್ ಇತ್ತ್ ಮಾರಾಯ್ರೆ, ಒಂದ್ ವಯರ್ ಬಿಟ್ಟದ್ದ್ ಅಷ್ಟೆ." ಆ ಒಂದು ವಯರು ಎಲ್ಲಿ ಬಿಟ್ಟಿದೆ ಎಂಬುದೇ ಈ ಶಾಸ್ತ್ರದ ಜಿಜ್ಞಾಸೆ. ಮೊದಲು ಸೆಟ್ಟಿನ ಬೆನ್ನು ನೋಡಬೇಕು. ಜಪಾನಿನವರು ತಮ್ಮ ಮನೆಗಳಿಗೆ ಮಾಡಿಕೊಂಡದ್ದಾದರೆ ಅದು 100 ವೋಲ್ಟಿನದ್ದು. ನಮ್ಮ ಗೋಡೆಯಲ್ಲಿರುವುದು 230. ನೇರ ಚುಚ್ಚಿದರೆ ಸಂಕಲ್ಪಕ್ಕೆ ಮೊದಲೇ ಮಂಗಳಾರತಿ. ಆಮೇಲೆ ಮೂಸಬೇಕು. ನೈಯಾಯಿಕರು ಪ್ರತ್ಯಕ್ಷದ ಮೂಲೆಯಲ್ಲಿ ಕೂರಿಸಿದ ಮೂಗು ಇಲ್ಲಿ ಪರಮ ಪ್ರಮಾಣ: ಸುಟ್ಟ ಟ್ರಾನ್ಸ್‌ಫಾರ್ಮರಿನ ವಾಸನೆ ಸುಲಭಕ್ಕೆ ಹೋಗುವುದಿಲ್ಲ. ಗುಂಡಿ ತಿರುಗಿಸಿದಾಗ ಕರಕರ ಎಂದರೆ ಕ್ಲೀನರ್ ಸ್ಪ್ರೇ ಸಾಕು. ಬಿಡದೆ ಗುಂಯ್ ಎಂದರೆ ಅದು ಅನಾಹತ ನಾದವಲ್ಲ, ಫಿಲ್ಟರ್ ಕಂಡೆನ್ಸರು ಒಣಗಿದೆ. 50 ಹರ್ಟ್ಸಿನ ಕರೆಂಟು ಇಮ್ಮಡಿಯಾಗಿ 100ರಲ್ಲಿ ಶ್ರುತಿ ಹಿಡಿದಿದೆ.

ಕಾಲನಿರ್ಣಯವೇ ಕಷ್ಟ. ನವೆಂಬರಿನಿಂದ ಮೇ ತನಕ ಮೇಳಗಳು ತಿರುಗಾಟದಲ್ಲಿರುತ್ತವೆ, ಆಟ ಬಯಲಲ್ಲೇ ಸಿಗುತ್ತದೆ, ಯಂತ್ರ ಯಾರಿಗೆ ಬೇಕು? ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ, ಕ್ಯಾಸೆಟ್ಟಿನ ಹಂಗಾಮು. ಸ್ವಿಚ್ಚಿನ ತಾಮ್ರಕ್ಕೆ ಕಿಲುಬು ಹಿಡಿಯುವ ಹಂಗಾಮೂ ಅದೇ. ವಾಲ್ವ್ ಮತದವರು ತಮ್ಮ ಸೆಟ್ಟು ಕಾದು ತೇವ ಓಡಿಸುತ್ತದೆ ಎನ್ನುತ್ತಾರೆ. ಹೌದು; ಬೆಚ್ಚಗಿರಲೆಂದು ಹಲ್ಲಿಯೂ ಬರುತ್ತದೆ.

ಪ್ರತಿಷ್ಠೆಯಲ್ಲಿ ಪೂರ್ವಪಕ್ಷ ಹೀಗಿದೆ: ಎರಡು ಸ್ಪೀಕರೂ ಕೇಳುಗನೂ ಸಮಬಾಹು ತ್ರಿಕೋನವಾಗಿರಬೇಕು. ಇದು ಬಾಗಿಲು ಹಾಕಿಕೊಂಡು ಕೂರುವ ದೇಶದವರ ಮತ, ನಮಗೆ ಅಗ್ರಾಹ್ಯ. ನಮ್ಮ ಜಗಲಿಗೆ ಗೋಡೆಯೇ ಅರ್ಧ. ಜೋರು ಮಳೆ ಹಂಚಿನ ಮೇಲೆ ಬಿದ್ದರೆ ಭಾಗವತರು ಬಾಯಿ ಆಡಿಸಿದ ಹಾಗಷ್ಟೇ. ತ್ರಿಕೋನದ ಮೂರನೆಯ ಬಿಂದು ಎರಡು ಗದ್ದೆ ಆಚೆಯ ನೆರೆಮನೆ. ಅಲ್ಲಿಂದ ಬೆಳಿಗ್ಗೆ "ರಾತ್ರಿ ನಿಮ್ಮಲ್ಲಿ ಚಂಡೆ ಲಾಯ್ಕ್ ಕೇಂತಿತ್ತ್" ಎಂದು ಬಂದರೆ ಹೈಫೈ ಸಿದ್ಧಿಸಿತು. ಬೈಗಳು ಬಂದರೂ ಸಿದ್ಧಿಸಿತು, ವಾಲ್ಯೂಮು ಮಾತ್ರ ಪುನರ್ವಿಮರ್ಶಾರ್ಹ.

ಓದುಗರಲ್ಲಿ ವಿನಂತಿ: ಮೋಡ ಕಟ್ಟಿದ ಕೂಡಲೇ, ಗುಡುಗಿಗೆ ಮೊದಲೇ, ಪ್ಲಗ್ ಕಿತ್ತಿಡಿ. ಕಿತ್ತ ಮೇಲೂ ವಾಲ್ವ್ ಸೆಟ್ಟಿನ ಕಂಡೆನ್ಸರಿನಲ್ಲಿ 300 ವೋಲ್ಟ್‌ನಷ್ಟು ಉಳಿದಿರಬಹುದು, ಮುಚ್ಚಳ ಬಿಚ್ಚುವ ಕೆಲಸ ರೇಡಿಯೋ ರಿಪೇರಿಯವರಿಗೇ ಇರಲಿ.