ಸ್ವಲ್ಪ ಕೈ ಹಿಡ್ಕೊಳ್ಳಿ ಸಾರ್

ಆರ್.ಟಿ. ನಗರದ ನಮ್ಮ ಬೀದಿಯಲ್ಲಿ ನನ್ನ ಮಣಿಕಟ್ಟಿಗೆ ಇರುವ ಬೇಡಿಕೆ ನನಗಿಲ್ಲ. ಕಾರಣ, ಎದುರುಮನೆಯ ಕರಾಟೆ ಮಾಸ್ಟ್ರು. ಬೆಳಿಗ್ಗೆ ಹಾಲು ತರುವಾಗ ಎದುರಾದರೆ ನಮಸ್ಕಾರದ ಬದಲು ಒಂದೇ ಮಾತು: "ಸ್ವಲ್ಪ ಕೈ ಹಿಡ್ಕೊಳ್ಳಿ ಸಾರ್."

ಹಿಡಿಯುತ್ತೇನೆ. "ಹಂಗಲ್ಲ, ಹೆಬ್ಬೆಟ್ಟು ಮೇಲೆ ಬರ್ಲಿ. ಇನ್ನೂ ಗಟ್ಟಿಯಾಗಿ. ಹಾಂ, ಈಗ ಅಲ್ಲಾಡ್ಬೇಡಿ." ಮರುಗಳಿಗೆ ನನ್ನ ಮಣಿಕಟ್ಟು ಹಿಂಡಿದ ಬಟ್ಟೆ, ಹಾಲಿನ ಪ್ಯಾಕೆಟ್ಟು ನೆಲದಲ್ಲಿ. ಒಮ್ಮೆ ಅಪ್ಪಿತಪ್ಪಿ ಎಡಗೈಯಲ್ಲಿ ಹಿಡಿದೆ, ಪಟ್ಟು ಕೂಡಲಿಲ್ಲ. "ನೀವು ಹಿಡಿದಿದ್ದೇ ತಪ್ಪು" ಎಂದು ರೇಗಿದರು. "ಕಳ್ಳನಿಗೂ ಹಿಂಗೇ ಹೇಳ್ಕೊಡ್ತೀರಾ ಮಾಸ್ಟ್ರೇ?" ಅಂದೆ. ನಗಲಿಲ್ಲ.

ಇಂಥವರು ಯಲಹಂಕದಿಂದ ಯಶವಂತಪುರದವರೆಗೆ ಬಡಾವಣೆಗೊಬ್ಬರು ಸಿಗುತ್ತಾರೆ. ಶಾಲೆಯ ತಾರಸಿ, ಬಿಳಿ ಬಟ್ಟೆಯ ಮಕ್ಕಳು, "ಇಚಿ, ನಿ, ಸಾನ್, ಶಿ" ಎಂಬ ಎಣಿಕೆ, ಗೋಡೆಯ ಮೇಲೆ ಬ್ರೂಸ್ ಲೀ. ಪಕ್ಕದಲ್ಲಿ ಫುನಾಕೋಶಿ. ಓಕಿನಾವಾದ ವಿದ್ಯೆಯನ್ನು 1922ರಲ್ಲಿ ಟೋಕಿಯೊಗೆ ಒಯ್ದ ಆ ಹಿರಿಯರ ಪ್ರಕಾರ ಕರಾಟೆಯಲ್ಲಿ ಮೊದಲ ಏಟು ಎಂಬುದಿಲ್ಲ. ನಮ್ಮ ಕಷ್ಟವಿರುವುದು ಅಲ್ಲೇ. ಮೊದಲ ಏಟು ಬಿದ್ದ ಮೇಲಲ್ಲವೇ ಜಗಳ ಶುರುವಾದದ್ದು ನಮಗೆ ಗೊತ್ತಾಗುವುದು!

"ನಾನು ಯಾರ ಮೇಲೂ ಕೈ ಎತ್ತಂಗಿಲ್ಲ. ಬ್ಲ್ಯಾಕ್ ಬೆಲ್ಟಿನವರ ಕೈ ಪೊಲೀಸ್ ಸ್ಟೇಷನ್ನಲ್ಲಿ ರಿಜಿಸ್ಟರ್ ಆಗಿರತ್ತೆ" ಎನ್ನುವುದು ಮಾಸ್ಟ್ರ ಇನ್ನೊಂದು ವರಸೆ. ಅಂಥ ರಿಜಿಸ್ಟರೇ ಇಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 35ನೇ ಸೆಕ್ಷನ್ ಆತ್ಮರಕ್ಷಣೆಯ ಹಕ್ಕನ್ನು ಬೆಲ್ಟಿಲ್ಲದ ನನಗೂ ಕೊಟ್ಟಿದೆ. ಅಗತ್ಯಕ್ಕಿಂತ ಹೆಚ್ಚು ಹೊಡೆಯಬಾರದು, ಅಷ್ಟೇ. ನನ್ನ ಮಟ್ಟಿಗೆ ಆ ಭಯ ಕಾನೂನಿಗೆ ಬೇಡ.

ಮೈಸೂರು ದಸರೆಯ ವಜ್ರಮುಷ್ಟಿಯಲ್ಲಿ ಜಟ್ಟಿಯ ತಲೆಯಿಂದ ಒಂದು ಹನಿ ರಕ್ತ ಬಂದರೂ ಕಾಳಗ ನಿಲ್ಲಿಸುತ್ತಾರೆ. ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ನಿಲ್ಲಿಸುವವರು ಯಾರು?

ಅಲ್ಲೇ ಆದದ್ದು. ಸಂಜೆ ಹೊತ್ತು. ಮಾಸ್ಟ್ರು ಎಡಗೈಯ ಮೊಬೈಲಿನಲ್ಲಿ ಶಿಷ್ಯೆಯೊಬ್ಬಳ ಪದಕದ ಫೋಟೋ ತೋರಿಸುತ್ತಾ, ಅವಳು ಗೆದ್ದ ಪಟ್ಟು ವಿವರಿಸಲು ಬಲಗೈ ಚಾಚಿದರು. ಹಿಡಿದೆ. ಹೆಬ್ಬೆಟ್ಟು ಮೇಲೆ, ಗಟ್ಟಿಯಾಗಿ. ಬೈಕೊಂದು ಹತ್ತಿರ ಬಂತು, ಹಿಂದೆ ಕೂತವನು ಹೂ ಬಿಡಿಸಿದಷ್ಟು ಸಲೀಸಾಗಿ ಮೊಬೈಲ್ ಬಿಡಿಸಿಕೊಂಡ. ಬಾಗಿ ವಂದಿಸಲೂ ಇಲ್ಲ. ಮಾಸ್ಟ್ರು ಕಲ್ಲಾಗಿದ್ದರು. ನಾನು ಅಲ್ಲಾಡಬಾರದೆಂಬ ನಿಯಮ ಪಾಲಿಸುತ್ತಿದ್ದೆ. "ಕಳ್ಳ, ಕಳ್ಳ!" ಎಂದು ಕಿರುಚಿದ್ದು ಹೂ ಮಾರುವ ಅಜ್ಜಿಯೊಬ್ಬಳೇ. ಓಡಿಬಂದ ಜನಕ್ಕೆ ಕಂಡದ್ದು ಮಾಸ್ಟ್ರ ಕೈಯನ್ನು ಗಟ್ಟಿಯಾಗಿ ಹಿಡಿದು ನಿಂತಿದ್ದ ನಾನು. ಬೆನ್ನಿಗೆ ಬಿದ್ದ ಎರಡು ಗುದ್ದಿಗೆ ಯಾವ ಶೈಲಿಯೂ ಇರಲಿಲ್ಲ, ಆದರೆ ಚೆನ್ನಾಗಿ ಕೂತವು.

ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ತಿರುಗಿ ಕೂತಿದ್ದರು. "ಇಪ್ಪತ್ತೆರಡು ವರ್ಷದಿಂದ ಕಲಿಸ್ತಿದೀನಿ ಸಾರ್. ಕೈಯೂ ಏಳಲಿಲ್ಲ, ಬಾಯೂ ಬರಲಿಲ್ಲ." ಆಟೋ ಓಡಿಸುವವರ ಮಕ್ಕಳಿಂದ ಫೀಸು ಮುಟ್ಟದ, ಪದಕದ ಫೋಟೋ ಬೀದಿಗೆಲ್ಲ ತೋರಿಸುವ ಮನುಷ್ಯ. ಅವತ್ತು ಅವರು ಕೇಳದೆಯೇ ಕೈ ಹಿಡಿದುಕೊಂಡೆ. ಹೆಬ್ಬೆಟ್ಟು ಎಲ್ಲಿತ್ತೋ ನೋಡಲಿಲ್ಲ.

ಮುಂದಿನ ವಾರ ತಾರಸಿಯಿಂದ ನಲವತ್ತು ಗಂಟಲುಗಳ "ಕಳ್ಳ, ಕಳ್ಳ!" ಕೇಳಿ ಶಾಲೆಯ ವಾಚ್‌ಮನ್ ದೊಣ್ಣೆ ಹಿಡಿದು ಮೆಟ್ಟಿಲು ಹತ್ತಿದ; ಎದುರಿಗೆ ಮಕ್ಕಳು ದಡದಡ ಇಳಿದು ಗೇಟಿನತ್ತ ಓಡುತ್ತಿದ್ದರು. ಈಗ ಮೊದಲ ಪಾಠವೇ ಅದು: ಕಿರುಚು, ಓಡು, ಕಿತ್ತುಕೊಂಡರೆ ಬಿಟ್ಟುಬಿಡು, 112ಕ್ಕೆ ಫೋನ್ ಮಾಡು.

"ಮೊಬೈಲನ್ನೇ ಕಿತ್ಕೊಂಡ್ರೆ ಯಾವ ಫೋನಿಂದ ಮಾಡೋದು ಸರ್?" ಅಂತ ಹಳದಿ ಬೆಲ್ಟಿನ ಹುಡುಗಿಯೊಬ್ಬಳು ಕೇಳಿದ್ದಾಳೆ. ಮಾಸ್ಟ್ರು ಇನ್ನೂ ಯೋಚಿಸುತ್ತಿದ್ದಾರೆ.