ಆಮ್ಲಜನಕಸಾಕ್ಷಿ ವಿಚಾರ: ಮೇಗುಂದ ಸೀಮೆಯ ಹಳೆಯ ಜಿಪ್ಸಿಗಳ ಸೆನ್ಸರನ್ನು ಕುರಿತ ಖಂಡನ-ಮಂಡನ

ಶಾರದಾಪೀಠವಿರುವ ಸೀಮೆಯಲ್ಲಿ ಅಧ್ಯಾಸವೆಂದರೇನು ಎಂದು ಹೊಸದಾಗಿ ಬಿಡಿಸಿ ಹೇಳಬೇಕಾಗಿಲ್ಲ. ಒಂದರ ಗುಣವನ್ನು ಇನ್ನೊಂದರ ಮೇಲೆ ಹೊರಿಸಿ, ಹಗ್ಗವನ್ನು ಕಂಡು ಹಾವೆಂದು ಬೆಚ್ಚುವುದು ಅಧ್ಯಾಸ. ಶಂಕರಾಚಾರ್ಯರು ಬ್ರಹ್ಮಸೂತ್ರಭಾಷ್ಯವನ್ನು ಆರಂಭಿಸುವುದೇ ಇದರ ವಿಚಾರದಿಂದ. ಭಾಷ್ಯ ಹುಟ್ಟಿ ಇಷ್ಟು ಶತಮಾನ ಕಳೆದರೂ ಈ ತತ್ತ್ವ ತುಂಗೆಯ ದಡ ಹತ್ತಿ ಜಿಪ್ಸಿ ಜೀಪಿನ ಬಾನೆಟ್ಟಿನೊಳಗೆ ಪ್ರವೇಶಿಸಿಲ್ಲವೆಂಬುದು ವಿದ್ವತ್ಪ್ರಪಂಚಕ್ಕೆ ವಿಷಾದದ ಸಂಗತಿ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ನಡುವಿನ ಮೇಗುಂದ ಸೀಮೆಯಲ್ಲಿ ಹಳೆಯ ಜಿಪ್ಸಿಯೊಂದು ಪೆಟ್ರೋಲು ಹೆಚ್ಚು ಕುಡಿಯಲಿ, ಚಡಾವಿನಲ್ಲಿ ಮುಕ್ಕಿರಿಯಲಿ, ನಿಂತಲ್ಲೇ ಕೆಮ್ಮಲಿ, ಸುತ್ತ ನೆರೆದವರ ತೀರ್ಪು ಒಂದೇ: ‘ಸೆನ್ಸರ್ ಹೋಗಿದೆ.’ ಪ್ರಸ್ತುತ ಪ್ರಬಂಧದ ಪ್ರತಿಜ್ಞೆಯಾದರೋ ಇದಕ್ಕೆ ನೇರ ವಿರುದ್ಧ. ಆಕ್ಸಿಜನ್ ಸೆನ್ಸರು ಕರ್ತೃವಲ್ಲ, ಭೋಕ್ತೃವೂ ಅಲ್ಲ, ಕೇವಲ ಸಾಕ್ಷಿ. ಅಪರಾಧ ನಡೆದದ್ದನ್ನು ಕಂಡು ಹೇಳಿದವನನ್ನೇ ಹಿಡಿದು ಜೈಲಿಗೆ ಹಾಕುವ ಪದ್ಧತಿ ಬೇರೆ ಇಲಾಖೆಗಳಲ್ಲಿ ಇದ್ದರೆ ಇರಲಿ. ಗ್ಯಾರೇಜಿನಲ್ಲಿ ಅದು ಸಲ್ಲದು.

ಶಾಸ್ತ್ರಕ್ಕೆ ಮೊದಲು ಅಧಿಕಾರಿ, ಅಂದರೆ ಅದಕ್ಕೆ ಅರ್ಹ, ಯಾರೆಂಬ ನಿರ್ಣಯವಾಗಬೇಕು. ವಿಲ್ಲೀಸ್ ಜೀಪಿಗೆ ಈ ಚರ್ಚೆಯಲ್ಲಿ ಅಧಿಕಾರವಿಲ್ಲ. ಅದರ ಕಾಲಕ್ಕೆ ಸೆನ್ಸರು ಇನ್ನೂ ಹುಟ್ಟಿರಲಿಲ್ಲ. ಜನರನ್ನೂ ಅಡಕೆ ಮೂಟೆಗಳನ್ನೂ ಏಕಕಾಲಕ್ಕೆ ಹೊತ್ತ ಡೀಸೆಲ್ ಕಮಾಂಡರ್ ಜೀಪಿಗೂ ಇಲ್ಲ. ಜಿಪ್ಸಿಗಳಲ್ಲಿಯೂ ಎಲ್ಲಕ್ಕೂ ಇಲ್ಲ. 1985ರ ಡಿಸೆಂಬರಿನಲ್ಲಿ ಬಂದ 970 ಸಿಸಿಯ ಮೊದಲ ಜಿಪ್ಸಿಗೆ ಇದ್ದದ್ದು ಕಾರ್ಬ್ಯುರೇಟರು. ಅದು ಗಾಳಿ-ಪೆಟ್ರೋಲುಗಳನ್ನು ಶ್ರದ್ಧೆಯ ಬಲದಿಂದ ಬೆರೆಸುತ್ತಿತ್ತು, ಪ್ರಮಾಣ ಕೇಳುತ್ತಿರಲಿಲ್ಲ. 1996ರಲ್ಲಿ 1.3 ಲೀಟರಿನ ಇಂಜಿನ್ ಬಂತು, 2000ದ ಸುಮಾರಿಗೆ ಅದಕ್ಕೇ ಎಂಪಿಎಫ್ಐ, ಅಂದರೆ ಸೆನ್ಸರುಗಳ ಸುದ್ದಿ ಕೇಳಿ ಕಂಪ್ಯೂಟರು ಪೆಟ್ರೋಲು ಅಳೆದು ಸಿಂಪಡಿಸುವ ವ್ಯವಸ್ಥೆ, ಕೂತಿತು. ನಮ್ಮ ಅಧಿಕಾರಿ ಈ ಎಂಪಿಎಫ್ಐ ಜಿಪ್ಸಿ. ದೇಶಾದ್ಯಂತ ಸೀಸ ಬೆರೆಸಿದ ಪೆಟ್ರೋಲು ನಿಂತದ್ದೂ ಅದೇ 2000ದ ಫೆಬ್ರವರಿಯಲ್ಲಿ. ಸೀಸವು ಸೆನ್ಸರಿಗೆ ವಿಷವಾದ್ದರಿಂದ ಈ ಸಹಯೋಗ ಕಾಕತಾಳೀಯವಲ್ಲವೆಂದು ಊಹಿಸಲು ಹೆಚ್ಚಿನ ಪಾಂಡಿತ್ಯ ಬೇಡ.

ಇನ್ನು ವಿಷಯ. ಸೆನ್ಸರಿನ ತುದಿಯಲ್ಲಿ ಜಿರ್ಕೋನಿಯಾ ಎಂಬ ಪಿಂಗಾಣಿಯ ಪುಟ್ಟ ಬೆರಳಿದೆ. ಅದರ ಹೊರಮೈಗೆ ಸೈಲೆನ್ಸರಿನತ್ತ ಓಡುವ ಹೊಗೆ, ಒಳಮೈಗೆ ಹೊರಗಿನ ಶುದ್ಧ ಗಾಳಿ. ಎರಡೂ ಬದಿಯ ಆಮ್ಲಜನಕದಲ್ಲಿ ವ್ಯತ್ಯಾಸವಿದ್ದರೆ, ಮತ್ತು ಬೆರಳು ಸುಮಾರು 300 ಡಿಗ್ರಿ ಕಾದಿದ್ದರೆ, ಸಣ್ಣದೊಂದು ವಿದ್ಯುತ್ತು ಹುಟ್ಟುತ್ತದೆ. ಇದರ ಸೂತ್ರ ಜರ್ಮನಿಯ ನೆರ್ನ್‌ಸ್ಟ್ ಮಹಾಶಯರದು. ಅದನ್ನು ಬಾಷ್ ಕಂಪನಿಯವರು 1976ರಲ್ಲಿ ವೋಲ್ವೋ ಕಾರಿನ ಹೊಗೆಕೊಳವೆಗೆ ತಂದು ಕೂರಿಸಿದರು. ಒಂದು ಪಾಲು ಪೆಟ್ರೋಲಿಗೆ 14.7 ಪಾಲು ಗಾಳಿ, ತೂಕದ ಲೆಕ್ಕದಲ್ಲಿ, ಸಮತೋಲ. ಆಗ ಸೆನ್ಸರು 0.45 ವೋಲ್ಟಿನ ಆಸುಪಾಸಿನಲ್ಲಿರುತ್ತದೆ. ಹೊಗೆಯಲ್ಲಿ ಆಮ್ಲಜನಕ ಉಳಿದಿದ್ದರೆ 0.1ಕ್ಕೆ ಇಳಿಯುತ್ತದೆ, ಉಳಿಯದಿದ್ದರೆ 0.9ಕ್ಕೆ ಏರುತ್ತದೆ. ಗಮನಿಸಿ: ವಸ್ತು ಇದ್ದರೆ ಮೌನ, ಇಲ್ಲದಿದ್ದರೆ ಮಾತು. ಇಲ್ಲದಿರುವುದನ್ನು ತಿಳಿಯುವ ಈ ಬಗೆಗೆ ಅನುಪಲಬ್ಧಿ ಎಂದು ಹೆಸರು. ನೈಯಾಯಿಕರು ನಾಲ್ಕೇ ಪ್ರಮಾಣ ಸಾಕೆಂದರು, ಅದ್ವೈತಿಗಳು ಅನುಪಲಬ್ಧಿಯನ್ನು ಆರನೆಯದಾಗಿ ಒಪ್ಪಿದರು. ಆದ್ದರಿಂದ ಆಕ್ಸಿಜನ್ ಸೆನ್ಸರು ಅದ್ವೈತಿಯೆಂದೂ ಶೃಂಗೇರಿ ಸೀಮೆಯಲ್ಲಿ ಅದಕ್ಕೆ ಹೆಚ್ಚಿನ ಮರ್ಯಾದೆ ಸಲ್ಲಬೇಕೆಂದೂ ಸಿದ್ಧವಾಯಿತು.

ಪೂರ್ವಪಕ್ಷಿಗಳು ಮೂರು ಪಂಗಡ. ಲೇಪನವಾದಿಗಳು ಡ್ಯಾಶ್‌ಬೋರ್ಡಿನ ಚೆಕ್ ಇಂಜಿನ್ ದೀಪದ ಮೇಲೆ ಕಪ್ಪು ಟೇಪು ಹಚ್ಚಿ, ಕಾಣದ್ದು ಇಲ್ಲವೆನ್ನುತ್ತಾರೆ. ಇವರೊಡನೆ ವಾದ ಅನಗತ್ಯ, ಪೆಟ್ರೋಲ್ ಬಂಕಿನವರೇ ಇವರಿಗೆ ಉತ್ತರ ಕೊಡುತ್ತಿರುತ್ತಾರೆ. ಉಚ್ಛೇದವಾದಿಗಳು ಕೊಂಚ ಗಂಭೀರರು. ಕಮಾಂಡರಿಗೆ ಸೆನ್ಸರೇ ಇಲ್ಲ, ಅದು ಘಟ್ಟ ಹತ್ತಲಿಲ್ಲವೇ, ಆದ್ದರಿಂದ ಜಿಪ್ಸಿಯದನ್ನೂ ಕಿತ್ತು ಬಿಸಾಡಿ ಎಂಬುದು ಇವರ ಅನುಮಾನ. ಇಲ್ಲಿ ದೃಷ್ಟಾಂತವೇ ದುಷ್ಟ. ಹಳೆಯ ಡೀಸೆಲ್ ಇಂಜಿನ್ ಗಾಳಿಯನ್ನು ಅಳತೆಯಿಲ್ಲದೆ ಎಳೆದುಕೊಂಡು ಎಣ್ಣೆಯನ್ನಷ್ಟೇ ಹೆಚ್ಚು ಕಡಿಮೆ ಮಾಡುತ್ತದೆ. ಅದಕ್ಕೆ ಗಾಳಿ ಸದಾ ಮಿಗತೆ, 14.7ರ ಹಂಗಿಲ್ಲ. ಪೆಟ್ರೋಲು ಇಂಜಿನ್ನಿನ ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರು ಕೆಲಸ ಮಾಡುವುದೇ ಆ ಅಂಕಿಯ ಅಕ್ಕಪಕ್ಕದ ಕಿರಿದಾದ ಸಂದಿಯಲ್ಲಿ. ಸೆನ್ಸರು ಕಿತ್ತರೆ ಕಂಪ್ಯೂಟರು ತನಗೆ ಬಾಯಿಪಾಠವಿದ್ದ ಲೆಕ್ಕಕ್ಕೆ ಮರಳಿ, ಯಾವುದಕ್ಕೂ ಇರಲೆಂದು ನಾಲ್ಕು ಹನಿ ಹೆಚ್ಚೇ ಸುರಿಯುತ್ತದೆ. ಗಾಡಿ ಓಡುತ್ತದೆ, ನಿಜ. ಓಡುವುದನ್ನೇ ಮೋಕ್ಷವೆಂದುಕೊಂಡವರಿಗೆ ಶಾಸ್ತ್ರದ ಅಗತ್ಯವಿಲ್ಲ.

ಪ್ರಬಲರಾದವರು ಪರಿವರ್ತನವಾದಿಗಳು, ಕೈಯಲ್ಲಿ ಶಬ್ದಪ್ರಮಾಣ ಹಿಡಿದೇ ಬರುತ್ತಾರೆ. ಸುಜುಕಿಯ ಹಳೆಯ ಸಂಕೇತಪಟ್ಟಿಯಂತೆ ದೀಪ 12 ಎಂದು ಮಿಟುಕಿದರೆ ಎಲ್ಲ ಕ್ಷೇಮ, 13 ಎಂದು ಮಿಟುಕಿದರೆ ಆಕ್ಸಿಜನ್ ಸೆನ್ಸರು. ಪಟ್ಟಿಯೇ ಹೇಳಿದ ಮೇಲೆ ಮತ್ತೇನು ವಿಚಾರ, ಹೊಸದು ತನ್ನಿ ಎನ್ನುತ್ತಾರೆ. ಆದರೆ ಮೀಮಾಂಸಕರು ಕಲಿಸಿದ್ದು ವಾಕ್ಯವನ್ನು ಓದುವುದಲ್ಲ, ವಾಕ್ಯದ ತಾತ್ಪರ್ಯವನ್ನು ಹಿಡಿಯುವುದು. 13ರ ತಾತ್ಪರ್ಯ ಇಷ್ಟೇ: ಸೆನ್ಸರಿನ ದಾರಿಯಿಂದ ಬರಬೇಕಾದ ಸುದ್ದಿ ಬರಬೇಕಾದಂತೆ ಬರುತ್ತಿಲ್ಲ. ದಾರಿಯೆಂದರೆ ತಂತಿ, ಕನೆಕ್ಟರು, ಅರ್ಥಿಂಗ್, ಕೊಳವೆ ಎಲ್ಲವೂ ಸೇರಿತು. ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಸೆನ್ಸರಿಗಿಂತ ಮೊದಲೇ ಒಂದೆಡೆ ಸೀಳಿತೆನ್ನಿ. ಹೊಗೆ ಹೊರಗೆ ನುಗ್ಗುವುದರ ಜೊತೆಗೆ, ಒಂದು ಸಿಲಿಂಡರಿನ ಬಡಿತಕ್ಕೂ ಇನ್ನೊಂದರ ಬಡಿತಕ್ಕೂ ನಡುವೆ ಹೊರಗಿನ ಗಾಳಿಯೂ ಒಳಕ್ಕೆ ಎಳೆಯಲ್ಪಡುತ್ತದೆ. ಸೆನ್ಸರು ‘ಆಮ್ಲಜನಕವಿದೆ’ ಎನ್ನುತ್ತದೆ, ಅದು ನಿಜ. ಕಂಪ್ಯೂಟರು ‘ಪೆಟ್ರೋಲು ಸಾಲದು’ ಎಂದು ತಿಳಿಯುತ್ತದೆ; ಅದು ಭ್ರಮೆ. ಪ್ಲಗ್ಗೊಂದು ಕಿಡಿ ಹಾರಿಸದಿದ್ದಾಗಲಂತೂ ಇನ್ನೂ ಸೊಗಸು: ಸುಡದ ಪೆಟ್ರೋಲು ಹಸಿಹಸಿಯಾಗಿ ಹೊರಬರುತ್ತಿದ್ದರೂ, ಸುಡದ ಆಮ್ಲಜನಕವೂ ಅದರೊಡನೆ ಬರುವುದರಿಂದ, ಸೆನ್ಸರು ಬಡಕಲು ಮಿಶ್ರಣವೆಂದೇ ಸಾರುತ್ತದೆ. ಹೇಳಿದ್ದು ಸತ್ಯ, ಕೇಳಿದವನ ಅರ್ಥ ಅನರ್ಥ. ಹೊಸ ಸೆನ್ಸರು ತಂದರೆ ಅದೂ ಅದೇ ಸತ್ಯವನ್ನು ಇನ್ನಷ್ಟು ಸ್ಪಷ್ಟವಾಗಿ, ಹಲವು ಸಾವಿರ ರೂಪಾಯಿಯ ಖರ್ಚಿನಲ್ಲಿ ಹೇಳುತ್ತದೆ.

ಹಾಗಿದ್ದರೆ ಸಾಕ್ಷಿ ಸುಳ್ಳು ಹೇಳುವುದೇ ಇಲ್ಲವೇ, ಸೆನ್ಸರೇನು ಅಮರವೇ ಎಂಬ ಆಕ್ಷೇಪ ಏಳುತ್ತದೆ. ಏಳಲೇಬೇಕು, ಏಕೆಂದರೆ ಇದು ಸರಿಯಾದ ಆಕ್ಷೇಪ. ಸೆನ್ಸರು ಸಾಯುತ್ತದೆ, ಮೇಗುಂದದಲ್ಲಿ ಅದನ್ನು ಸಾಯಿಸುವ ಸೌಕರ್ಯಗಳು ಬಯಲುಸೀಮೆಗಿಂತ ಹೆಚ್ಚು. ಮನೆಯಿಂದ ತೋಟಕ್ಕೆ, ತೋಟದಿಂದ ಡೈರಿಗೆ ಎಂಬ ಗೇಣುದ್ದದ ಪ್ರಯಾಣಗಳಲ್ಲಿ ಇಂಜಿನ್ ಸರಿಯಾಗಿ ಕಾಯುವುದಿಲ್ಲ, ಬೆರಳಿನ ಮೇಲೆ ಮಸಿ ಕೂರುತ್ತದೆ. ಕಾದು ಕೆಂಡವಾದ ಸೆನ್ಸರನ್ನು ಆಷಾಢದ ಹಳ್ಳಕ್ಕೆ ಅದ್ದಿದರೆ ಪಿಂಗಾಣಿ ಬಿರಿಯಬಹುದು. ಹೆಡ್ಡಿನ ಕೆಲಸ ಮಾಡಿದವರು ಉದಾರವಾಗಿ ಮೆತ್ತಿದ ಸಿಲಿಕೋನ್ ಪೇಸ್ಟಿನ ಆವಿ ತುದಿಗೆ ಬಿಳಿ ಪೊರೆ ಕಟ್ಟಿ ಬಾಯಿ ಮುಚ್ಚಿಸುತ್ತದೆ. ಮಳೆಗಾಲದಲ್ಲಿ ಕೊಟ್ಟಿಗೆಯ ಪಕ್ಕ ನಿಂತ ಗಾಡಿಯ ತಂತಿಯನ್ನು ಇಲಿ ಕಡಿಯುತ್ತದೆ. ಈ ಕಾರಣವನ್ನು ಯಾವ ಕಂಪನಿಯ ಪುಸ್ತಕವೂ ಇದರ ಯೋಗ್ಯತೆಗೆ ತಕ್ಕಷ್ಟು ದೊಡ್ಡ ಅಕ್ಷರದಲ್ಲಿ ಅಚ್ಚು ಮಾಡಿಲ್ಲ. ಕಡಿದ ತಂತಿಗೆ ಬೆಸುಗೆ ಹಾಕಿದರೆ ಮುಗಿಯಿತಲ್ಲ ಎನ್ನುವವರಿಗೆ ಒಂದು ರಹಸ್ಯೋಪದೇಶ: ಒಳಮೈಗೆ ಬೇಕಾದ ಶುದ್ಧ ಗಾಳಿ ಅನೇಕ ಸೆನ್ಸರುಗಳಲ್ಲಿ ತಂತಿಯ ಎಳೆಗಳ ಸಂದಿಯಿಂದಲೇ ಒಳಗೆ ಹೋಗುತ್ತದೆ. ಸೆನ್ಸರು ಉಸಿರಾಡುವುದು ತಂತಿಯ ಮೂಲಕ. ಬೆಸುಗೆಯ ಸೀಸ ಆ ಎಳೆಗಳೊಳಗೆ ಇಳಿದರೆ, ಕನೆಕ್ಟರಿಗೆ ಗ್ರೀಸು ತುಂಬಿದರೆ, ದುರಸ್ತಿಯೇ ಕತ್ತು ಹಿಸುಕಿದಂತೆ. ಅಲ್ಲಿ ಬೇಕಾದದ್ದು ಒತ್ತಿ ಕೂರಿಸುವ ಲಗ್ಗು, ಬೆಸುಗೆ ಕಡ್ಡಿಯಲ್ಲ.

ಹಾಗಾದರೆ ಸತ್ತದ್ದನ್ನೂ ನೊಂದದ್ದನ್ನೂ ಬೇರ್ಪಡಿಸುವುದು ಹೇಗೆ? ಪಾಟೀಸವಾಲಿನಿಂದ. ಇಂಜಿನ್ ಚೆನ್ನಾಗಿ ಕಾದ ಮೇಲೆ ಸಂಕೇತದ ತಂತಿಗೆ ಡಿಜಿಟಲ್ ಮಲ್ಟಿಮೀಟರು ಹಿಡಿಯಬೇಕು. ಹಳೆಯ ಮುಳ್ಳಿನ ಮೀಟರು ಆ ಬಡ ವೋಲ್ಟೇಜನ್ನು ತಾನೇ ಕುಡಿದುಬಿಡುತ್ತದೆ. ಅಂಕಿ 0.1 ಮತ್ತು 0.9ರ ನಡುವೆ ಓಲಾಡುತ್ತಿದ್ದರೆ ಸಾಕ್ಷಿ ಬದುಕಿದೆ. ಇನ್‌ಟೇಕಿನ ಒಂದು ವ್ಯಾಕ್ಯೂಮ್ ಪೈಪು ಕಳಚಿದಾಗ ಒಡನೆ ಕೆಳಗಿಳಿದು, ಕಾರ್ಬ್ಯುರೇಟರ್ ಕ್ಲೀನರನ್ನು ಗಾಳಿ ಹೋಗುವ ಬಾಯಿಗೆ ಕೊಂಚ ಸಿಂಪಡಿಸಿದಾಗ ಒಡನೆ ಮೇಲೇರಿದರೆ ಅದರ ನಾಲಿಗೆಯೂ ಸರಿ, ಮನಸ್ಸೂ ಸರಿ. ಎರಡಕ್ಕೂ ಜಪ್ಪಯ್ಯ ಎನ್ನದಿದ್ದರೆ ಮಾತ್ರ, ತಂತಿಯನ್ನೂ ನೋಡಿದ ಮೇಲೆ, ಬದಲಾವಣೆಯ ವಿಧಿ. ಇಂಜಿನ್ ಬೆಚ್ಚಗಿರುವಾಗ, ತುಕ್ಕು ಬಿಡಿಸುವ ಎಣ್ಣೆ ಹಾಕಿ ಕಾದು, 22ರ ಸ್ಪ್ಯಾನರಿನಲ್ಲಿ ಬಿಚ್ಚಬೇಕು. ಹೊಸದರ ತಿರುಪಿನ ಮರೆಗೆ ಮಾತ್ರ ಆಂಟಿ-ಸೀಜ್ ಪೇಸ್ಟು, ತುದಿಗೆ ಖಂಡಿತ ಬೇಡ. ಬೇರೆ ಕಂಪನಿಯ ಸೆನ್ಸರಾದರೆ ಪಾಠಾಂತರದ ಎಚ್ಚರ ಬೇಕು: ಬಾಷ್ ಶಾಖೆಯ ನಾಲ್ಕು ತಂತಿಗಳಲ್ಲಿ ಕಪ್ಪು ಸಂಕೇತಕ್ಕೆ, ಎರಡು ಬಿಳಿ ಹೀಟರಿಗೆ, ಡೆನ್ಸೊ ಶಾಖೆಯಲ್ಲಿ ಎರಡು ಕಪ್ಪು ಹೀಟರಿಗೆ, ನೀಲಿ ಸಂಕೇತಕ್ಕೆ. ಬಣ್ಣಕ್ಕೆ ಬಣ್ಣ ಸೇರಿಸಿ ಜೋಡಿಸಿದವನು ಕಂಪ್ಯೂಟರಿನ ಕಿವಿಗೆ ಬ್ಯಾಟರಿಯ 12 ವೋಲ್ಟನ್ನೇ ಊದಿಬಿಡಬಹುದು.

ಆದಕಾರಣ, ಸಂಶಯದ ಲಾಭ ಸೆನ್ಸರಿಗೇ ಸಲ್ಲತಕ್ಕದ್ದು. ಶಿವಮೊಗ್ಗಕ್ಕೋ ಚಿಕ್ಕಮಗಳೂರಿಗೋ ಹೊಸದನ್ನು ತರಲು ಬಸ್ಸು ಹತ್ತುವ ಮೊದಲು, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಮ್ಯಾನಿಫೋಲ್ಡಿನ ಸಂದಿಗಳಿಗೆ ಸೋಪಿನ ನೀರು ಹಚ್ಚಿ, ಸ್ಟಾರ್ಟ್ ಮಾಡಿ ನೋಡಿ. ಗುಳ್ಳೆ ಎದ್ದರೆ ಬೇಕಾದದ್ದು ಗ್ಯಾಸ್ಕೆಟ್ಟು.