ಮರಿಗಿಂತ ಮೊದಲು ಮರಿಯ ಊಟ

ಮೇಷ್ಟ್ರೇ, ನಮ್ಮ ಕಿಟಕಿಯ ಹಸಿರು ಬಾಟಲಿಗಳನ್ನು ತೋರಿಸಿ "ಪಾಚಿ ಕಟ್ಟಿದ ನೀರು ಯಾಕ್ರೀ ಇಟ್ಕೊಂಡಿದ್ದೀರಿ, ಚೆಲ್ಲಬಾರದಾ" ಅಂದಿರಲ್ಲ, ಅದನ್ನ ಚೆಲ್ಲಿದರೆ ನಮ್ಮ ಮೀನುಮರಿಗಳಿಗೆ ಉಪವಾಸವೇ ಗತಿ. ಕಾಂಪೌಂಡಿಗೆ ಒರಗಿ ನಿಂತ್ಕೊಳ್ಳಿ, ಹೇಳ್ತೀನಿ.

ಕಿತ್ತಳೆ ಮೈಗೆ ಮೂರು ಬಿಳಿ ಪಟ್ಟೆ, ನಿಮ್ಮ ಮೊಮ್ಮಗಳು ನೀಮೋ ಅಂತ ಕರೆಯೋ ಕ್ಲೌನ್ ಮೀನು. ಅದರ ಕೈಲಿ ಮೊಟ್ಟೆ ಇಡಿಸೋದು ಅಂಥ ಕಷ್ಟವೇನಲ್ಲ. ಗಂಡು ಯಾವುದು, ಹೆಣ್ಣು ಯಾವುದು ಅಂತ ಹುಡುಕೋ ಗೋಜೂ ಇಲ್ಲ. ಎರಡು ಮರಿ ತಂದು ಒಟ್ಟಿಗೆ ಬಿಟ್ಟರಾಯ್ತು. ದೊಡ್ಡದಾಗಿ ಬೆಳೆದು ಯಜಮಾನಿಕೆ ಹಿಡಿದದ್ದು ಹೆಣ್ಣಾಗುತ್ತೆ, ಚಿಕ್ಕದು ಗಂಡಾಗುತ್ತೆ. ಹೆಣ್ಣು ಸತ್ತರೆ ಆ ಗಂಡೇ ಹೆಣ್ಣಾಗುತ್ತೆ. ಸಮುದ್ರದಲ್ಲಾದರೆ ತಾವು ವಾಸವಿರೋ ಅನಿಮೋನ್ ಅನ್ನೋ ಹೂವಿನಂಥ ಜೀವಿಯ ಬುಡದ ಬಂಡೆಗೆ ಮೊಟ್ಟೆ ಅಂಟಿಸ್ತವೆ. ಮನೇಲಿ ಅನಿಮೋನ್ ಇಲ್ಲದಿದ್ದರೂ ನಡೆಯುತ್ತೆ, ಮಣ್ಣಿನ ಹೂಕುಂಡ ಒಂದನ್ನು ಅಡ್ಡ ಮಲಗಿಸಿದರೆ ಸಾಕು.

ಆಮೇಲೆ ಆ ಗಂಡನ್ನ ನೋಡಬೇಕು ನೀವು. ಹೊತ್ತಿಲ್ಲ ಗೊತ್ತಿಲ್ಲ, ಈಜುರೆಕ್ಕೆಯಿಂದ ಮೊಟ್ಟೆಗಳಿಗೆ ಗಾಳಿ ಬೀಸ್ತಾನೇ ಇರುತ್ತೆ. ಬೆಳ್ಳಗಾಗಿ ಸತ್ತ ಮೊಟ್ಟೆಯನ್ನ ಬಾಯಲ್ಲಿ ಕಿತ್ತು ತೆಗೆಯುತ್ತೆ, ಇಲ್ಲದಿದ್ದರೆ ಬೂಷ್ಟು ಪಕ್ಕದ್ದಕ್ಕೂ ಹಬ್ಬುತ್ತೆ. ಮೊದಲು ಕಿತ್ತಳೆ ಬಣ್ಣದ ಮೊಟ್ಟೆ ದಿನ ಕಳೆದಂತೆ ಕಪ್ಪಿಡುತ್ತೆ. ಕೊನೆಗೆ ಒಂದೊಂದರೊಳಗೂ ಎರಡೆರಡು ಬೆಳ್ಳಿಕಣ್ಣು. 27 ಡಿಗ್ರಿ ಆಸುಪಾಸಿನ ನೀರಲ್ಲಿ ಎಂಟು-ಒಂಬತ್ತು ದಿನಕ್ಕೆ, ದೀಪ ಆರಿಸಿ ಒಂದೆರಡು ಗಂಟೆಯಾದ ಮೇಲೆ, ಕತ್ತಲಲ್ಲೇ ಮೊಟ್ಟೆ ಒಡೆಯುತ್ತೆ. ಟಾರ್ಚು ಬಿಟ್ಟರೆ ಮರಿಗಳು ಬೆಳಕಿಗೆ ಗುಂಪುಕಟ್ಟಿ ಬರ್ತವೆ, ಲೋಟದಲ್ಲಿ ನೀರು ಸಮೇತ ಮೊಗೆದು ಬೇರೆ ತೊಟ್ಟಿಗೆ ಬಿಡ್ತೀನಿ. ಬಲೆ ಹಾಕಿದರೆ ಉಳಿಯೋಲ್ಲ, ಅಷ್ಟು ಎಳಸು.

ಕಷ್ಟ ಇರೋದು ಇಲ್ಲಿಂದ ಮುಂದೆ. ಗಪ್ಪಿ ಮರಿಗಾದರೆ ಪುಡಿ ಉದುರಿಸಿದರೂ ತಿನ್ನುತ್ತೆ. ಇವು ಮೂರು-ನಾಲ್ಕು ಮಿಲಿಮೀಟರ್ ಉದ್ದ, ಬಾಯಿ ಇನ್ನೆಷ್ಟಿರಬೇಕು ಹೇಳಿ! ಕಣ್ಣೆದುರು ಮಿಸುಕಾಡೋ ಜೀವವೇ ಆಗಬೇಕು. ಅದಕ್ಕೇ ರೋಟಿಫರ್, ಬರಿಗಣ್ಣಿಗೆ ಧೂಳಿನ ಕಣದಷ್ಟೇ ಕಾಣೋ ಜೀವಿ. ಆ ರೋಟಿಫರ್‌ಗೂ ಊಟ ಬೇಕಲ್ಲ? ನೀವು ಪಾಚಿ ಅಂದದ್ದು ಅದರ ಊಟ, ನ್ಯಾನೋಕ್ಲೋರೋಪ್ಸಿಸ್ ಅನ್ನೋ ಸಮುದ್ರದ ಸೂಕ್ಷ್ಮ ಪಾಚಿ. ಮೊಸರಿಗೆ ಹೆಪ್ಪು ಉಳಿಸಿಕೊಂಡ ಹಾಗೆ ಎರಡನ್ನೂ ಉಳಿಸಿಕೊಂಡೇ ಬರಬೇಕು. ರೋಟಿಫರ್ ಬಕೆಟ್ಟಿನಿಂದ ದಿನಾ ಒಂದಿಷ್ಟು ಸೋಸಿ ತೆಗೆದು, ಅಷ್ಟೇ ಹಸಿರು ನೀರು ತುಂಬಿಸ್ತೀನಿ. ಒಂದೊಂದು ಸಲ ರಾತ್ರೋರಾತ್ರಿ ಇಡೀ ಬಕೆಟ್ಟು ಸತ್ತು ನಾರುತ್ತೆ. ಅದಕ್ಕೇ ಬಚ್ಚಲಲ್ಲೊಂದು, ವರಾಂಡದಲ್ಲೊಂದು ಇಟ್ಟಿರೋದು. ಮೊಟ್ಟೆ ಕಂಡ ಮೇಲೆ ಇದನ್ನೆಲ್ಲ ಶುರು ಮಾಡ್ತೀನಿ ಅನ್ನೋರು ಮರಿ ಉಳಿಸೋಲ್ಲ. ನಾನಂತೂ ಹೊಸಬರಿಗೆ ಹೇಳೋದು, ಜೋಡಿ ಮೀನಿಗಿಂತ ಮೊದಲು ರೋಟಿಫರ್ ತನ್ನಿ ಅಂತ.

ಒಂದು ವಾರದ ಸುಮಾರಿಗೆ ಆರ್ಟೀಮಿಯಾ ಅನ್ನೋ ಪುಟಾಣಿ ಸೀಗಡಿಯಂಥ ಜೀವಿಯ ಆಗತಾನೇ ಒಡೆದ ಮರಿ ತಿನ್ನಿಸೋಕೆ ಶುರು. ತಿಂದ ಮರಿಯ ಹೊಟ್ಟೆ ಕಿತ್ತಳೆಯಾಗಿ ಹೊರಗೇ ಕಾಣುತ್ತೆ, ಅದನ್ನ ನೋಡಿದರೆ ನನಗೂ ಹೊಟ್ಟೆ ತುಂಬುತ್ತೆ. ಎಂಟರಿಂದ ಹನ್ನೆರಡು ದಿನದೊಳಗೆ ರೂಪ ಬದಲಾಗುತ್ತೆ: ತಲೆ ಹಿಂದೆ ಮೊದಲ ಬಿಳಿ ಪಟ್ಟೆ ಮೂಡುತ್ತೆ, ನೀರಲ್ಲಿ ತೇಲಾಡ್ತಿದ್ದದ್ದು ತಳಕ್ಕಿಳಿದು ಮೀನಿನ ಹಾಗೆ ಈಜುತ್ತೆ. ಸೊರಗಿದವು ಈ ದಾಟಿನಲ್ಲೇ ಹೋಗಿಬಿಡ್ತವೆ. ತುಂಬಾ ಸಂಕಟ ಆಗುತ್ತೆ ಮೇಷ್ಟ್ರೇ.

ಇದು ಹೊಸ ವಿದ್ಯೆಯೇನಲ್ಲ. ಫ್ಲಾರಿಡಾದಲ್ಲಿ ಮಾರ್ಟಿನ್ ಮೋ ಅನ್ನೋರು 1970ರ ದಶಕದಲ್ಲೇ ಕ್ಲೌನ್ ಮೀನನ್ನ ಮಾರಾಟಕ್ಕೆ ಬೆಳೆಸಿದರು. ನಮ್ಮ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರೂ ವಿಳಿಂಜಂ, ಮಂಡಪಂನಲ್ಲಿ ಮರಿ ಮಾಡಿಸಿದ್ದಾರೆ. ತೊಟ್ಟೀಲಿ ಹುಟ್ಟಿದ್ದು ಸಿಗುವಾಗ ಹವಳದ ದಿಬ್ಬದಿಂದ ಹಿಡಿದ ಮೀನನ್ನ ಯಾಕೆ ಕೊಳ್ಳಬೇಕು? ತೊಟ್ಟೀದು ಗಟ್ಟಿ, ಹಾಕಿದ ಊಟ ಮರುಮಾತಿಲ್ಲದೆ ತಿನ್ನುತ್ತೆ.

ನಿಮ್ಮ ಮೊಮ್ಮಗಳಿಗೆ ಒಂದು ಜೋಡಿ ಕೊಡೋಣ, ಮೂರು-ನಾಲ್ಕು ತಿಂಗಳು ತುಂಬಲಿ. ಅಷ್ಟರಲ್ಲಿ ತೊಟ್ಟಿಗೆ ಆರ್‌ಓ ನೀರು ತುಂಬಿ, ಅಕ್ವೇರಿಯಂ ಅಂಗಡಿಯ ಸಮುದ್ರದುಪ್ಪು ಬೆರೆಸಿ, ಫಿಲ್ಟರ್ ಓಡಿಸ್ತಾ ಇರಿ. ಅಡುಗೆ ಉಪ್ಪು ಹಾಕಬೇಡಿ ಮತ್ತೆ. ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಊರಿಕೊಳ್ಳೋಕೆ ಒಂದು ತಿಂಗಳಾದರೂ ಬೇಕು. ಟೆಸ್ಟ್ ಕಿಟ್ ನನ್ನ ಹತ್ರ ಇದೆ, ಭಾನುವಾರ ಬಂದು ನೀರು ನೋಡಿಕೊಡ್ತೀನಿ.